ದಾರಿಗೆ ಬಾಗಿಲು ತೆರೆಯುವ ಮುನ್ನ



ಕಳೆದ ತಿಂಗಳು ಒಂದು ಸೋಮವಾರ, ಪೂಜೆ ಮುಗಿಸಿ ಪ್ರಸಾದಕ್ಕೆ ಏಳುವ ಹೊತ್ತಿಗೆ ಕೊಳ್ಳೇಗಾಲದ ಕಡೆಯ ಒಂದು ಭಕ್ತ ಕುಟುಂಬದವರು ನಮ್ಮನ್ನು ಕಾಣಲು ಬಂದರು. ಅಣ್ಣ, ತಮ್ಮ, ಇಬ್ಬರ ಮನೆಯವರು, ಜೊತೆಗೆ ಎಂಬತ್ತರ ಗಡಿಯಲ್ಲಿರುವ ಅವರ ತಾಯಿ. ಹೆಣ್ಣು ನೋಡುವ ವಿಷಯವೋ, ಮನೆ ಪಾಲಿನ ವಿಷಯವೋ ಇರಬೇಕೆಂದು ಭಾವಿಸಿದೆವು. ಆದರೆ ಅವರು ಚೀಲದಿಂದ ತೆಗೆದದ್ದು ಒಂದು ನಕ್ಷೆ. ಪಟ್ಟಣದ ಹೊರವಲಯದಲ್ಲಿ, ಹೆದ್ದಾರಿಯ ಅಂಚಿನಲ್ಲಿ ಅವರಿಗೆ ಎರಡು ಎಕರೆ ಹೊಲವಿದೆ. ಅದರಲ್ಲಿ ಕಾರು ಮಾರಾಟದ ಶೋರೂಮನ್ನೂ ದುರಸ್ತಿಯ ಶೆಡ್ಡನ್ನೂ ಕಟ್ಟುವುದಾಗಿ ಒಬ್ಬ ವ್ಯಾಪಾರಸ್ಥರು ಗುತ್ತಿಗೆಗೆ ಕೇಳಿದ್ದಾರೆ. ತಮ್ಮನಿಗೆ ಒಪ್ಪಿಗೆ. ಮಗಳ ಓದಿನ ಖರ್ಚು, ಸಹಕಾರ ಸಂಘದ ಸಾಲ, ಮಳೆಯನ್ನೇ ನಂಬಿದ ಬೇಸಾಯ ಇವೆಲ್ಲವೂ ಅವನ ಮಾತಿನ ಹಿಂದಿದ್ದವು. ಅಣ್ಣನಿಗೆ ಅರೆಮನಸ್ಸು. ತಾಯಿ ಮಾತ್ರ ಒಂದೇ ಮಾತು ಹೇಳಿದರು: "ಬುದ್ಧೀ, ನೆಲ ನಮ್ದು, ಸರಿ. ಆದ್ರೆ ದಾರಿ ಎಲ್ಲಾರ್ದೂ ಅಲ್ವಾ? ನಮ್ಮ ಬಾಗ್ಲಿಂದ ಯಾರ್ದಾದ್ರೂ ಮನೆ ಮಗ ಹೋದ್ರೆ ಆ ಬಾಡಿಗೆ ದುಡ್ಡು ನಮ್ಗೆ ಉಣ್ಣೋಕಾಗ್ತದಾ?"

ಆ ತಾಯಿಯ ಪ್ರಶ್ನೆ ನಮ್ಮನ್ನು ಅಂದು ರಾತ್ರಿಯೆಲ್ಲ ಕಾಡಿತು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ರಸ್ತೆಯಂಚಿನಲ್ಲಿ ಜಮೀನುಳ್ಳ ನಮ್ಮ ಮನೆತನಗಳು ಅನೇಕ. ಇಂದು ಈ ಮನೆಗೆ ಬಂದ ಕೇಳಿಕೆ ನಾಳೆ ನಿಮ್ಮ ಮನೆಗೂ ಬರಬಹುದು. ಆದ್ದರಿಂದ ಈ ತಿಂಗಳ ಅಂಕಣವನ್ನು ಈ ವಿಚಾರಕ್ಕೇ ಮೀಸಲಿಡುತ್ತಿದ್ದೇವೆ.

ಮೊದಲು ನಮ್ಮ ದಾರಿಗಳನ್ನು ಕುರಿತು ಎರಡು ಮಾತು. ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಪಕ್ಕದ ಯಳಂದೂರು ಮೈಸೂರು ಸೀಮೆಯದು. ಆಡಳಿತದ ಗಡಿ ನಡುವೆ ಇದ್ದರೂ ರೇಷ್ಮೆ, ರಾಗಿ, ಬೆಲ್ಲ ಹೊತ್ತ ಗಾಡಿಗಳು ಎರಡೂ ಕಡೆಗೆ ಓಡಾಡುತ್ತಿದ್ದವು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆದ ಮೇಲೆ ಇವೆಲ್ಲವೂ ಒಂದೇ ಜಿಲ್ಲೆಯೊಳಗೆ ಬಂದವು. ಬಳಿಕ ಹನೂರು ಪ್ರತ್ಯೇಕ ತಾಲ್ಲೂಕಾಯಿತು. ಇಂದು ಕೊಳ್ಳೇಗಾಲದಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಸಂಧಿಸುತ್ತವೆ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಸಂತೆಮರಹಳ್ಳಿ, ಚಾಮರಾಜನಗರಗಳ ಮೂಲಕ ಕೊಯಮತ್ತೂರಿಗೆ ಹೋಗುವುದು ಒಂದು. ಹಿಂದೆ 209 ಎನ್ನುತ್ತಿದ್ದ ಅದಕ್ಕೆ ಈಗ 948 ಎಂಬ ಸಂಖ್ಯೆ. ಕೋಳಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರಗಳ ಮೂಲಕ ಕೊಳ್ಳೇಗಾಲಕ್ಕೆ ಬಂದು ಮುಗಿಯುವುದು ಇನ್ನೊಂದು. ಹಿಂದಿನ 212, ಈಗಿನ 766. ಇವಲ್ಲದೆ ಹನೂರು, ಕೌದಳ್ಳಿ, ತಾಳಬೆಟ್ಟದ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಂತೂ ನಮ್ಮೆಲ್ಲರಿಗೂ ಪರಿಚಿತ.

ಈ ದಾರಿಗಳ ಮೇಲೆ ಏನೇನು ಚಲಿಸುತ್ತದೆ ಎಂಬುದನ್ನು ನೆನೆಯಬೇಕು. ದೂರದೂರಿನ ಸರಕಿನ ಲಾರಿಗಳು, ಬಸ್ಸುಗಳು, ಕಾರುಗಳು ಸರಿಯೇ ಸರಿ. ಕಬ್ಬು ಕಡಿಯುವ ಕಾಲದಲ್ಲಿ ಕುಂತೂರಿನ ಸಕ್ಕರೆ ಕಾರ್ಖಾನೆಯತ್ತ ಸಾಗುವ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರು ಗಾಡಿಗಳು. ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲುಗಳು. ಸಂಜೆ ಮನೆಗೆ ಮರಳುವ ದನಗಳು. ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ಬರಿಗಾಲಿನಲ್ಲಿ ನಡೆಯುವ ಸಾವಿರಾರು ಜನ. ಬನದ ಹುಣ್ಣಿಮೆಯ ಚಿಕ್ಕಲ್ಲೂರು ಜಾತ್ರೆಗೆ ಸಂಸಾರ ಸಮೇತ ಹೊರಡುವ ಒಕ್ಕಲು ಮಕ್ಕಳು. ಗಂಟೆಗೆ ನೂರು ಕಿಲೋಮೀಟರು ಓಡಬಲ್ಲ ವಾಹನವೂ ಗಂಟೆಗೆ ನಾಲ್ಕು ಕಿಲೋಮೀಟರು ನಡೆಯುವ ಮುದುಕಿಯೂ ಒಂದೇ ಡಾಂಬರಿನ ಮೇಲೆ ಇರುವ ಸೀಮೆ ನಮ್ಮದು. ಇಂತಹ ಕಡೆ ಹೊಸದೊಂದು ಬಾಗಿಲನ್ನು ಹೆದ್ದಾರಿಗೆ ತೆರೆಯುವುದು ಕೇವಲ ಜಮೀನಿನ ಒಡೆಯನ ಖಾಸಗಿ ವಿಷಯವಾಗಿ ಉಳಿಯುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. ರಾಷ್ಟ್ರೀಯ ಹೆದ್ದಾರಿಗಳ ನೆಲ ಮತ್ತು ಸಂಚಾರ ನಿಯಂತ್ರಣದ 2002ರ ಕೇಂದ್ರ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಯಾರೂ ತಮ್ಮ ಜಾಗದಿಂದ ಹೆದ್ದಾರಿಗೆ ವಾಹನದ ದಾರಿ ಮಾಡಿಕೊಳ್ಳುವಂತಿಲ್ಲ. ಹೆದ್ದಾರಿ ನಮ್ಮ ಹೊಲದ ಬದುವಿಗೆ ತಾಗಿದೆ ಎಂದ ಮಾತ್ರಕ್ಕೆ ಅದಕ್ಕೆ ಇಳಿಯುವ ಹಕ್ಕು ತಾನಾಗಿ ಬರುವುದಿಲ್ಲ. ರಾಜ್ಯ ಹೆದ್ದಾರಿಗಳ ವಿಷಯದಲ್ಲಿ ಲೋಕೋಪಯೋಗಿ ಇಲಾಖೆಯನ್ನು ಕೇಳಬೇಕು. ಬೇಸಾಯದ ನೆಲವನ್ನು ಬೇರೆ ಉಪಯೋಗಕ್ಕೆ ತರಲು ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಪರಿವರ್ತನೆ ಆಗಬೇಕು. ಊರ ಹೊರಗಿನ ಬಯಲಿನಲ್ಲಿ ಹೆದ್ದಾರಿಯ ನಡುಗೆರೆಯಿಂದ 40 ಮೀಟರು ಬಿಟ್ಟು ಕಟ್ಟಡ ಕಟ್ಟಬೇಕೆಂಬ ಪದ್ಧತಿಯೂ ಇದೆ. ಪರಿವರ್ತನೆಯ ಆದೇಶ ಸಿಕ್ಕಿತೆಂದರೆ ಎಲ್ಲವೂ ಮುಗಿಯಿತೆಂದು ನಮ್ಮವರು ಭಾವಿಸುವುದುಂಟು. ನೆಲದ ಅನುಮತಿ ಬೇರೆ, ದಾರಿಯ ಅನುಮತಿ ಬೇರೆ. ಗುತ್ತಿಗೆ ಪತ್ರಕ್ಕೆ ರುಜು ಹಾಕುವ ಮುನ್ನ ಈ ಎರಡನ್ನೂ ಪ್ರತ್ಯೇಕವಾಗಿ ವಿಚಾರಿಸಿಕೊಳ್ಳಬೇಕು.

ಆದರೆ ಕಾನೂನಿನ ಕಾಗದ ಕೈಗೆ ಬಂದ ಮೇಲೂ ಆ ತಾಯಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅದಕ್ಕೆ ಉತ್ತರ ನಕ್ಷೆಯಲ್ಲಿಲ್ಲ, ನೆಲದ ಮೇಲಿದೆ ಎಂದು ನಮಗೆ ತೋರಿತು. ಆ ವಾರದ ಕೊನೆಯಲ್ಲಿ ಬೆಳಗ್ಗೆ ಎಂಟು ಗಂಟೆಗೇ ನಾವು ಆ ಹೊಲಕ್ಕೆ ಹೋದೆವು. ಅಣ್ಣ ತಮ್ಮಂದಿರಿಬ್ಬರೂ ಬಂದಿದ್ದರು. ಹೊಲವು ಪಟ್ಟಣದಿಂದ ಹೊರಟವರಿಗೆ ಎಡಗಡೆ ಸಿಗುತ್ತದೆ. ಪಟ್ಟಣದ ಕಡೆಯ ತುದಿಗೆ ಸ್ವಲ್ಪ ಮೊದಲು ರಸ್ತೆ ತಿರುಗುತ್ತದೆ. ಆ ತಿರುವಿನಲ್ಲಿ ಒಂದು ಹಳೆಯ ಹುಣಿಸೆಮರ. ಇನ್ನೊಂದು ತುದಿಯಲ್ಲಿ ಗ್ರಾಮದ ನಕಾಶೆಯಲ್ಲಿರುವ ಬಂಡಿದಾರಿ ಹೆದ್ದಾರಿಗೆ ಬಂದು ಸೇರುತ್ತದೆ. ಅದರ ಎದುರಿಗೆ, ರಸ್ತೆಯ ಆಚೆ, ಒಂದು ಶಾಲೆ.

ವ್ಯಾಪಾರಸ್ಥರ ನಕ್ಷೆಯಲ್ಲಿ ಗೇಟನ್ನು ಹುಣಿಸೆಮರದ ಕಡೆಯ ತುದಿಯಲ್ಲಿ ಬರೆದಿದ್ದರು. ಪಟ್ಟಣದಿಂದ ಬರುವವರು ತಿರುವು ದಾಟಿದೊಡನೆ ಗಾಜಿನ ಮಾಳಿಗೆಯೂ ಗೇಟೂ ಒಟ್ಟಿಗೆ ಕಣ್ಣಿಗೆ ಬೀಳಬೇಕೆಂಬುದು ಅವರ ಆಸೆ. ಮಾರುವವರಿಗೆ ಆ ಆಸೆ ಸಹಜ. ಆದರೆ ಮಾರುವವನ ಕಣ್ಣಿಗೆ ಚೆಂದವಾದ ಜಾಗ ವಾಹನ ನಡೆಸುವವನ ಕಣ್ಣಿಗೆ ಕೇಡಾಗಬಹುದು. ಗೇಟು ಬರುವ ಜಾಗದಿಂದ ತಿರುವಿನವರೆಗೆ ಹೆಜ್ಜೆ ಹಾಕಿ ಅಳೆದೆವು. ಸುಮಾರು 65 ಮೀಟರು ಬಂತು.

ಈ ಅಂಕಿ ಸಾಕೇ ಸಾಲದೇ ಎಂಬುದನ್ನು ತಿಳಿಯುವ ಬಗೆ ಕಷ್ಟದ್ದಲ್ಲ. ಹೈಸ್ಕೂಲಿನಲ್ಲಿ ಓದುವ ಮಕ್ಕಳೂ ಲೆಕ್ಕ ಹಾಕಬಹುದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಬರುತ್ತದೆ. ಎದುರಿಗೆ ಅಡ್ಡಿಯೊಂದನ್ನು ಕಂಡು, ಇದು ಅಡ್ಡಿ ಎಂದು ಅರಿತು, ಬ್ರೇಕಿನ ಮೇಲೆ ಕಾಲಿಡಲು ಮನುಷ್ಯನಿಗೆ ಎರಡೂವರೆ ಸೆಕೆಂಡು ಬೇಕೆಂದು ರಸ್ತೆ ಇಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಷ್ಟರಲ್ಲೇ ವಾಹನ 42 ಮೀಟರು ಬಂದಿರುತ್ತದೆ. ಬ್ರೇಕು ಹಿಡಿದು ನಿಲ್ಲಲು ಮತ್ತೆ ಸುಮಾರು 40 ಮೀಟರು. ಒಟ್ಟು 80 ಮೀಟರಿಗೂ ಮಿಗಿಲು. ಗಂಟೆಗೆ 80 ಕಿಲೋಮೀಟರು ವೇಗಕ್ಕೆ 120 ಮೀಟರು ಬೇಕು. 1934ರಲ್ಲಿ ಸ್ಥಾಪನೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡಗಳೂ ಇದೇ ಅಳತೆಯವು. ಗಮನಿಸಬೇಕಾದ ಅಂಶವೆಂದರೆ, ವೇಗ ಮೂರನೆಯ ಒಂದು ಭಾಗ ಹೆಚ್ಚಿದರೆ ನಿಲ್ಲುವ ದೂರ ಅರ್ಧದಷ್ಟು ಹೆಚ್ಚುತ್ತದೆ. ಮಳೆ ಬಿದ್ದ ರಸ್ತೆ, ಸವೆದ ಟೈರು, ನಿದ್ದೆಗಣ್ಣು ಇವು ಸೇರಿದರೆ ಇನ್ನೂ ಹೆಚ್ಚು.

ಹಾಗಾದರೆ 65 ಮೀಟರಿನಲ್ಲಿ ಏನಾಗುತ್ತದೆ? ಗೇಟಿನಿಂದ ಹೊರಬಂದು ಪಟ್ಟಣದತ್ತ ಬಲಕ್ಕೆ ತಿರುಗುವ ವಾಹನ ರಸ್ತೆಯ ಎರಡೂ ಭಾಗಗಳನ್ನು ಅಡ್ಡ ಹಾಯಬೇಕು. ತಿರುವಿನಿಂದ ಬರುವ ಬಸ್ಸಿನ ಚಾಲಕ ಅದನ್ನು ಕಂಡ ಕೂಡಲೇ ಎಚ್ಚೆತ್ತರೂ ನಿಲ್ಲಿಸುವಷ್ಟು ದೂರ ಅವನಿಗೆ ಉಳಿದಿರುವುದಿಲ್ಲ. ಅವನ ತಪ್ಪಿಲ್ಲ, ಹೊರಬಂದವನ ತಪ್ಪೂ ಇಲ್ಲ. ತಪ್ಪು ಗೇಟಿನದು. ಪಟ್ಟಣದಿಂದ ಬಂದು ತಿರುವು ದಾಟಿದೊಡನೆ ಶೋರೂಮಿಗೆಂದು ವೇಗ ತಗ್ಗಿಸುವ ಕಾರಿಗೂ ಇದೇ ಗತಿ. ಹಿಂದೆ ಬರುವ ಲಾರಿಗೆ ಅದು ಹಠಾತ್ತನೆ ಎದುರಾಗುತ್ತದೆ. ಹುಣಿಸೆಮರ ಕಡಿದರೆ ಸರಿಹೋದೀತೆಂದು ತಮ್ಮ ಹೇಳಿದ. ಮರ ಕಡಿದರೆ ನೋಟ ಸ್ವಲ್ಪ ಹಿಗ್ಗಬಹುದು, ತಿರುವು ಹಿಗ್ಗುವುದಿಲ್ಲ. ಮೇಲಾಗಿ ಬೆಟ್ಟಕ್ಕೆ ನಡೆಯುವವರು ಕೂತು ಕಾಲು ಚಾಚುವ ನೆರಳು ಅದು.

ಹೊಲದ ಇನ್ನೊಂದು ತುದಿಗೆ ನಡೆದೆವು. ರಸ್ತೆಯುದ್ದಕ್ಕೂ ಹೊಲದ ಅಗಲ 80 ಮೀಟರಿನಷ್ಟಿದೆ. ಅಲ್ಲಿಂದ ತಿರುವಿಗೆ ಸುಮಾರು 145 ಮೀಟರು. ಗಂಟೆಗೆ 80 ಕಿಲೋಮೀಟರು ವೇಗದವನಿಗೂ ನಿಲ್ಲಲು ಎಡೆಯುಂಟು. ಮತ್ತೊಂದು ಅನುಕೂಲವೂ ಕಂಡಿತು. ಅಲ್ಲಿ ಬಂಡಿದಾರಿ ಆಗಲೇ ಹೆದ್ದಾರಿಯನ್ನು ಸೇರಿರುವುದರಿಂದ ಗೇಟನ್ನು ಬಂಡಿದಾರಿಗೆ ಇಟ್ಟರೆ ಹೆದ್ದಾರಿಗೆ ಹೊಸ ಬಾಯಿಯೊಂದನ್ನು ತೆರೆಯಬೇಕಾಗಿಯೇ ಇಲ್ಲ. ಒಂದು ರಸ್ತೆಗೆ ಎಷ್ಟು ಬಾಯಿಗಳೋ ಅಷ್ಟು ಕಡೆ ಅಪಾಯ, ಇದು ಲೋಕಾನುಭವ.

ಇಷ್ಟಕ್ಕೆ ತೀರ್ಮಾನವಾಯಿತೆಂದು ನಾವು ಹೇಳುವಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು. ಮಕ್ಕಳು ಗುಂಪುಗುಂಪಾಗಿ ಅದೇ ಬಂಡಿದಾರಿಯಿಂದ ಬಂದು, ಹೆದ್ದಾರಿಯ ಅಂಚಿನಲ್ಲಿ ನಿಂತು, ಎರಡೂ ಕಡೆ ನೋಡಿ, ಕೈಕೈ ಹಿಡಿದು ಓಡುತ್ತಾ ದಾಟಿದರು. ಅವರಲ್ಲಿ ಆ ಮನೆಯ ಮೊಮ್ಮಗಳೂ ಒಬ್ಬಳು. ನಾವು ಮೂವರೂ ಮಾತಿಲ್ಲದೆ ನಿಂತೆವು. ತಿರುವಿನ ಅಪಾಯವನ್ನು ತಪ್ಪಿಸಹೋಗಿ ಅದನ್ನು ಮಕ್ಕಳು ದಾಟುವ ಜಾಗಕ್ಕೆ ತಂದಿಡುತ್ತಿದ್ದೆವು! ಒಂದು ಕಡೆಯ ಕೇಡನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡದೆ ಇರುವುದು ವಿದ್ಯಾವಂತರಿಗೂ ತಪ್ಪಿದ್ದಲ್ಲ ಎಂಬುದನ್ನು ಆ ಮಕ್ಕಳು ನಮಗೆ ಕಲಿಸಿದರು.

ಮತ್ತೆ ಕುಳಿತು ಯೋಚಿಸಿದೆವು. ಶೋರೂಮಿನಿಂದ ಬರುವ ಅಪಾಯ ಯಾವುದು, ಯಾವ ಹೊತ್ತಿನದು ಎಂದು ಬಿಡಿಬಿಡಿಯಾಗಿ ನೋಡಿದೆವು. ಕೊಳ್ಳುವವರ ವಾಹನಗಳು ದಿನವಿಡೀ ಚದುರಿ ಬರುತ್ತವೆ. ದುರಸ್ತಿಗೆ ಬಿಡುವವರು ಬೆಳಗ್ಗೆ ಒಂದೇ ಹೊತ್ತಿನಲ್ಲಿ ಬರುತ್ತಾರೆ. ಅದೇ ಶಾಲೆಯ ಹೊತ್ತು. ಕೊಂಡುಕೊಳ್ಳುವ ಮುನ್ನ ಓಡಿಸಿ ನೋಡುವವರು ಆ ವಾಹನಕ್ಕೆ ಹೊಸಬರು; ಕ್ಲಚ್ಚಿನ ಹದ, ಬ್ರೇಕಿನ ಹಿಡಿತ ಅವರಿಗೆ ಅಪರಿಚಿತ. ಎಲ್ಲಕ್ಕಿಂತ ದೊಡ್ಡದು ಕಾರ್ಖಾನೆಯಿಂದ ಹೊಸ ಕಾರುಗಳನ್ನು ಹೊತ್ತು ತರುವ ಟ್ರೇಲರ್ ಲಾರಿ. ಅದರ ಉದ್ದ ಅರವತ್ತು ಅಡಿಯಷ್ಟು. ಒಳಗೆ ತಿರುಗಲು ಜಾಗವಿಲ್ಲದಿದ್ದರೆ ಹೆದ್ದಾರಿಯ ಅಂಚಿನಲ್ಲೇ ನಿಂತು, ಹಿಂಬದಿಯ ಹಲಗೆ ಇಳಿಸಿ, ಕಾರುಗಳನ್ನು ಒಂದೊಂದಾಗಿ ರಸ್ತೆಗೇ ಇಳಿಸಬೇಕಾಗುತ್ತದೆ.

ನಿಂತ ಲಾರಿಯ ಕೇಡು ನಮಗೆ ಪುಸ್ತಕದಿಂದ ತಿಳಿದದ್ದಲ್ಲ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಒಂದು ಶಿವರಾತ್ರಿಗೆ ನಾವು ಕೆಲವರು ಗೆಳೆಯರು ಬೆಟ್ಟಕ್ಕೆ ನಡೆದು ಹೊರಟಿದ್ದೆವು. ಮುಂಜಾವಿನ ಮಬ್ಬಿನಲ್ಲಿ ರಸ್ತೆಯ ಅಂಚಿನಲ್ಲಿ ದೀಪವಿಲ್ಲದೆ ಒಂದು ಲಾರಿ ನಿಂತಿತ್ತು. ಅದನ್ನು ಬಳಸಿ ಮುಂದೆ ಹೋಗಲು ನಾವು ರಸ್ತೆಯ ನಡುವಿಗೆ ಸರಿಯಬೇಕಾಯಿತು. ಹಿಂದಿನಿಂದ ಬಂದ ವಾಹನಕ್ಕೆ ನಮ್ಮಲ್ಲಿ ಒಬ್ಬರು ಸಿಕ್ಕರು. ನಮಗೆ ವ್ಯಾಕರಣದಲ್ಲಿ ಎಡವಿದಾಗಲೆಲ್ಲ ಕೈಹಿಡಿದು ತಿದ್ದುತ್ತಿದ್ದ ಆ ಸಹಪಾಠಿ ಮತ್ತೆ ಪಾಠಕ್ಕೆ ಬರಲಿಲ್ಲ. ಢಿಕ್ಕಿ ಹೊಡೆದ ವಾಹನವನ್ನು ಎಲ್ಲರೂ ಬೈದರು. ನಿಂತಿದ್ದ ಲಾರಿಯನ್ನು ಯಾರೂ ಬೈಯಲಿಲ್ಲ. ಇಷ್ಟು ವರ್ಷಗಳಾದರೂ ರಸ್ತೆಯ ಅಂಚಿನಲ್ಲಿ ನಿಂತ ಲಾರಿಯನ್ನು ಕಂಡರೆ ನಮಗೆ ಆ ಮುಂಜಾವು ನೆನಪಾಗುತ್ತದೆ.

ದೇಶದ ಲೆಕ್ಕ ನೋಡಿದರೆ ಎದೆ ನಡುಗುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ನೂರಕ್ಕೆ ಸುಮಾರು 44 ಮಂದಿ ಬೈಕು, ಸ್ಕೂಟರುಗಳಲ್ಲಿ ಹೋಗುತ್ತಿದ್ದವರು; ಸುಮಾರು 19 ಮಂದಿ ನಡೆದು ಹೋಗುತ್ತಿದ್ದವರು. ಸತ್ತವರಲ್ಲಿ ಹೆಚ್ಚಿನವರು ಕಾರಿನೊಳಗೆ ಇದ್ದವರಲ್ಲ ಎಂಬುದನ್ನು ಕಾರು ಮಾರುವವರೂ ಕೊಳ್ಳುವವರೂ ನೆಲ ಕೊಡುವವರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಹಾಗೆಂದು ಶೋರೂಮು ಬೇಡವೇ ಬೇಡ ಎನ್ನುವುದು ನ್ಯಾಯವಲ್ಲ. ತಕ್ಕಡಿಯ ಆ ತಟ್ಟೆಯನ್ನೂ ನೋಡೋಣ. ಹನೂರಿನ ಆಚೆಯ ಹಳ್ಳಿಯವನು ವಾಹನದ ದೊಡ್ಡ ದುರಸ್ತಿಗೆಂದು ಮೈಸೂರಿನವರೆಗೆ ಹೋಗುವುದಿದೆ. ಕೊಳ್ಳೇಗಾಲದಿಂದಲೇ ಅದು ಸುಮಾರು 60 ಕಿಲೋಮೀಟರು. ದೂರವೆಂದು ಮುಂದೂಡಿದ ಬ್ರೇಕಿನ ದುರಸ್ತಿ ತಾಳಬೆಟ್ಟದ ತಿರುವುಗಳಲ್ಲಿ ಜೀವಕ್ಕೆ ಎರವಾಗಬಹುದು. ಹತ್ತಿರದಲ್ಲಿ ಒಳ್ಳೆಯ ದುರಸ್ತಿ ಶಾಲೆಯಿದ್ದರೆ ಅದೂ ಸುರಕ್ಷತೆಯೇ. ಐ.ಟಿ.ಐ. ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ನಮ್ಮ ಹುಡುಗರಿಗೆ ಊರಿನಲ್ಲೇ ಒಂದು ಕಾಯಕ ಸಿಗುತ್ತದೆ. ರಸ್ತೆಯಂಚಿನ ಎರಡೆಕರೆಯ ಬಾಡಿಗೆಯಿಂದ ಒಂದು ಒಕ್ಕಲು ಮನೆತನ ಸಾಲದಿಂದ ಹೊರಬರುತ್ತದೆ. ಬಸವಾದಿ ಶರಣರು ದುಡಿಮೆಯನ್ನು ಕೀಳೆಂದು ಬಗೆದವರಲ್ಲ, ವ್ಯಾಪಾರವನ್ನು ನಿಂದಿಸಿದವರೂ ಅಲ್ಲ. ಕಾಯಕ ಸತ್ಯಶುದ್ಧವಾಗಿರಬೇಕು, ಅದರ ಫಲ ತನ್ನೊಬ್ಬನ ಹೊಟ್ಟೆಗೆ ಮುಗಿಯಬಾರದು ಎಂಬುದಷ್ಟೇ ಅವರ ನಿಲುವು. ಆದುದರಿಂದ ಪ್ರಶ್ನೆ ಶೋರೂಮು ಬೇಕೋ ಬೇಡವೋ ಎಂಬುದಲ್ಲ. ಅದರ ಬಾಗಿಲು ಎಲ್ಲಿ, ಎಂತಹದು, ಯಾವ ಹೊತ್ತಿಗೆ ತೆರೆಯುವುದು ಎಂಬುದು.

ಈ ದಿಕ್ಕಿನಲ್ಲಿ ನಮ್ಮ ನೆರೆಯ ಒಂದು ಉದಾಹರಣೆ ಪಾಠವಾಗಬಲ್ಲುದು. ಬೆಂಗಳೂರು–ಮೈಸೂರು ನಡುವಿನ ಸುಮಾರು 118 ಕಿಲೋಮೀಟರಿನ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಉದ್ಘಾಟನೆಯಾಯಿತು. ನಡುವೆ ಆರು ಪಥ, ಎರಡೂ ಕಡೆ ಎರಡೆರಡು ಪಥದ ಸರ್ವಿಸ್ ರಸ್ತೆ. ಅಂಗಡಿಯವನೂ ಹಳ್ಳಿಯವನೂ ಮೊದಲು ಸರ್ವಿಸ್ ರಸ್ತೆಗೆ ಇಳಿಯಬೇಕು, ಗೊತ್ತಾದ ಕಡೆಗಳಲ್ಲಿ ಮಾತ್ರ ನಡುವಿನ ಪಥಕ್ಕೆ ಸೇರಬೇಕು ಎಂಬ ವ್ಯವಸ್ಥೆ. ಆದರೂ ಅಪಘಾತಗಳು ನಿಲ್ಲಲಿಲ್ಲ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಡುವಿನ ಪಥದಿಂದ ದೂರವಿಡಲಾಯಿತು. ವೇಗದ ವಾಹನವನ್ನೂ ನಿಧಾನದ ವಾಹನವನ್ನೂ ಬೆರೆಸಬಾರದೆಂಬುದು ಅದರ ಹಿಂದಿನ ತತ್ತ್ವ. ನಮ್ಮ ಕೊಳ್ಳೇಗಾಲದ ಸೀಮೆಯ ದಾರಿಗಳಿಗೆ ಅಂತಹ ಸರ್ವಿಸ್ ರಸ್ತೆಗಳು ಉದ್ದಕ್ಕೂ ಇಲ್ಲ. ಇಲ್ಲಿ ಜಮೀನಿನ ಒಡೆಯನೇ ತನ್ನ ನೆಲದಲ್ಲಿ ಒಂದಿಷ್ಟನ್ನು ಬಿಟ್ಟು ಆ ಕೆಲಸವನ್ನು ಮಾಡಬೇಕಾಗುತ್ತದೆ.

ಈ ಮಾತನ್ನು ನಾವು ಹೇಳಿದಾಗ ಅಣ್ಣನವರು ಥಟ್ಟನೆ ಎದ್ದು ಬಂಡಿದಾರಿಯ ಬದುವಿನ ಮೇಲೆ ನಿಂತು, "ಬುದ್ಧಿ, ಇಲ್ಲಿ ಎಷ್ಟು ಬಿಡಬೇಕು?" ಎಂದು ಕೇಳಿದರು. ಲೆಕ್ಕ ಹಾಕಿದೆವು. ಹೊಲದ ಆಳ ಸುಮಾರು 100 ಮೀಟರು. ಬಂಡಿದಾರಿಯ ಉದ್ದಕ್ಕೆ 4 ಮೀಟರು ಅಗಲದ ಪಟ್ಟಿ ಬಿಟ್ಟರೆ ನಾಲ್ಕು ಗುಂಟೆ ಹೋಗುತ್ತದೆ. ದಾರಿ ಅಗಲವಾಗಿ ಒಳಬರುವ ವಾಹನವೂ ಹೊರಹೋಗುವ ಬಂಡಿಯೂ ಒಂದನ್ನೊಂದು ತಡೆಯದೆ ಸಾಗಬಹುದು. ಗೇಟನ್ನು ಹೆದ್ದಾರಿಯಿಂದ 25 ಮೀಟರು ಒಳಗೆ ಬಂಡಿದಾರಿಗೆ ಮುಖವಾಗಿ ಇಟ್ಟರೆ ಅರವತ್ತು ಅಡಿಯ, ಎಂದರೆ 18 ಮೀಟರಿನ ಟ್ರೇಲರು ಬಂದಾಗ ಗೇಟು ಮುಚ್ಚಿದ್ದರೂ ಅದರ ಹಿಂಬದಿ ಹೆದ್ದಾರಿಯ ಮೇಲೆ ಚಾಚಿಕೊಂಡಿರುವುದಿಲ್ಲ. ಒಳಗೆ ಅದು ಪೂರ್ತಿ ಒಂದು ಸುತ್ತು ತಿರುಗಿ ಮುಖ ಮುಂದಾಗಿ ಹೊರಬರುವಷ್ಟು ಬಯಲು ಬಿಡಬೇಕು.

ಮಕ್ಕಳ ವಿಷಯಕ್ಕೆ ಬೇರೆ ಏರ್ಪಾಟು ಬೇಕೆನಿಸಿತು. ಮಕ್ಕಳು ದಾಟುವ ಜಾಗವನ್ನು ಬಂಡಿದಾರಿಯ ಬಾಯಿಂದ ಸ್ವಲ್ಪ ದೂರ ಸರಿಸಿ, ಅಲ್ಲಿ ಜೀಬ್ರಾ ಪಟ್ಟೆಯನ್ನೂ ಫಲಕವನ್ನೂ ಹಾಕುವಂತೆ ಹೆದ್ದಾರಿಯ ಇಲಾಖೆಗೆ ಶಾಲೆಯವರೂ ಗ್ರಾಮಸ್ಥರೂ ಜಮೀನಿನವರೂ ಸೇರಿ ಒಂದೇ ಅರ್ಜಿ ಕೊಡುವುದು. ಅಲ್ಲಿಗೆ ಹೋಗಲು ಬಂಡಿದಾರಿಯ ಪಕ್ಕದಲ್ಲಿ ಎರಡಡಿ ಎತ್ತರಿಸಿದ ಕಾಲುದಾರಿ. ಶಾಲೆ ಸೇರುವ, ಬಿಡುವ ಹೊತ್ತಿನಲ್ಲಿ ಟ್ರೇಲರು ಬರುವಂತಿಲ್ಲ, ಓಡಿಸಿ ನೋಡುವ ವಾಹನ ಹೊರಡುವಂತಿಲ್ಲ. ದುರಸ್ತಿಗೆ ಬರುವವರಿಗೆ ಮುಂಚಿತವಾಗಿ ಹೊತ್ತು ಗೊತ್ತುಪಡಿಸಿ, ಆ ಒಂದು ಗಂಟೆಯನ್ನು ಬಿಟ್ಟು ಬರಹೇಳುವುದು. ಶಿವರಾತ್ರಿ, ಯುಗಾದಿ, ಮಹಾಲಯ, ದೀಪಾವಳಿಗಳ ಪಾದಯಾತ್ರೆಯ ದಿನಗಳಲ್ಲಿಯೂ ಅದೇ ಕಟ್ಟುಪಾಡು. ಇವೆಲ್ಲವನ್ನೂ ಬಾಯಿಮಾತಿಗೆ ಬಿಡದೆ ಗುತ್ತಿಗೆ ಪತ್ರದಲ್ಲೇ ಬರೆಯಿಸಬೇಕು. ಒಳ್ಳೆಯ ಮನಸ್ಸಿನ ವ್ಯಾಪಾರಸ್ಥರು ಇಂದು ಒಪ್ಪಬಹುದು. ನಾಳೆ ಅವರ ಜಾಗಕ್ಕೆ ಇನ್ನೊಬ್ಬರು ಬಂದಾಗ ಕಾಗದವೇ ಸಾಕ್ಷಿ.

ಇನ್ನೊಂದು ಮುಖ್ಯ ವಿಷಯವನ್ನು ಅಣ್ಣನವರೇ ನೆನಪಿಸಿದರು. ಬಂಡಿದಾರಿ ಅವರೊಬ್ಬರದಲ್ಲ. ಒಳಗಿನ ಹೊಲಗಳವರೂ ಆಚೆಯ ಕೇರಿಯವರೂ ಹೆಣ ಒಯ್ಯಲೂ ಹೆರಿಗೆಗೆ ಹೋಗಲೂ ಇದೇ ದಾರಿಯನ್ನು ನಂಬಿದ್ದಾರೆ. ದಾರಿ ಅಗಲವಾಗುತ್ತದೆಂದು ಸಂತೋಷಪಡುವಂತೆ, ನಾಳೆ ಕಾರುಗಳು ಸಾಲಾಗಿ ನಿಂತು ದಾರಿ ಕಟ್ಟಿದರೆ ಅವರು ಎಲ್ಲಿಗೆ ಹೋಗಬೇಕು? ಆದ್ದರಿಂದ ಅವರನ್ನೆಲ್ಲ ಕರೆದು, ಕೂರಿಸಿ, ನಕ್ಷೆ ತೋರಿಸಿ ಕೇಳದೆ ಮುಂದುವರಿಯಬಾರದೆಂದು ನಿಶ್ಚಯವಾಯಿತು. ದಾರಿಯ ಮೇಲೆ ಒಂದು ವಾಹನವೂ ನಿಲ್ಲಕೂಡದೆಂಬುದನ್ನು ಆ ಸಭೆಯಲ್ಲೇ ಹೇಳುವುದೆಂದೂ ಆಯಿತು.

ತಮ್ಮ ಸುಮ್ಮನಿದ್ದ. ಕೊನೆಗೆ, "ಬುದ್ಧಿ, ನಾಲ್ಕು ಗುಂಟೆ ಹೋದ್ರೆ ಬಾಡಿಗೆ ಕಮ್ಮಿ ಆಗ್ತದೆ. ಗೇಟು ಒಳಗೆ ಹೋದ್ರೆ ಅವ್ರು ಬ್ಯಾಡ ಅಂತ ಬಿಟ್ರೂ ಬಿಡಬೋದು" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮಗಳ ಶುಲ್ಕ ಕಟ್ಟುವ ದಿನ ಹತ್ತಿರವಾಗುತ್ತಿರುವಾಗ ನಾಲ್ಕು ಗುಂಟೆಯ ತ್ಯಾಗವನ್ನು ಇನ್ನೊಬ್ಬರಿಗೆ ಉಪದೇಶಿಸುವುದು ನಮಗೆ ಸುಲಭ, ಅವನಿಗೆ ಕಷ್ಟ. ಅದನ್ನು ಅವನಿಗೇ ಹೇಳಿದೆವು. ಇಷ್ಟನ್ನು ಮಾತ್ರ ಸೇರಿಸಿದೆವು: "ಮಗು, ದಾಸೋಹವೆಂದರೆ ಎಲೆಗೆ ಅನ್ನ ಬಡಿಸುವುದೊಂದೇ ಅಲ್ಲ. ನಡೆಯುವವರಿಗೆ ದಾರಿ ಬಿಡುವುದೂ ದಾಸೋಹವೇ. ಜಂಗಮವೆಂಬ ಮಾತಿಗೇ ಚಲಿಸುವುದು ಎಂದರ್ಥ. ಆದರೆ ನಿನ್ನ ಮನೆಯ ಲೆಕ್ಕ ನಿನಗೆ ಗೊತ್ತು. ವ್ಯಾಪಾರಸ್ಥರನ್ನು ಇಲ್ಲಿಗೇ ಕರೆತಂದು, ಬೆಳಗ್ಗೆ ಶಾಲೆಯ ಹೊತ್ತಿನಲ್ಲಿ ನಿಲ್ಲಿಸಿ, ನಾವು ನೋಡಿದ್ದನ್ನು ಅವರಿಗೂ ತೋರಿಸು. ಆಮೇಲೆ ಬಾಡಿಗೆಯ ಮಾತಾಡು."

ಅವನು ಹಾಗೆಯೇ ಮಾಡಿದನೆಂದು ಕೆಲವು ದಿನಗಳ ಮೇಲೆ ತಿಳಿಯಿತು. ವ್ಯಾಪಾರಸ್ಥರು ಅರ್ಧ ಗಂಟೆ ನಿಂತು ನೋಡಿದರಂತೆ. ಗೇಟನ್ನು ಒಳಗೆ ಸರಿಸಲು ಅವರು ತಾತ್ತ್ವಿಕವಾಗಿ ಒಪ್ಪಿದ್ದಾರೆ. ಬಾಡಿಗೆಯಲ್ಲಿ ಒಂದಿಷ್ಟು ಕಡಿತ ಕೇಳಿದ್ದಾರೆ. ಹೆದ್ದಾರಿಯ ಅನುಮತಿಗೆ ಅರ್ಜಿ ಹೋಗಬೇಕಾಗಿದೆ. ಅನುಮತಿ ಬರುವವರೆಗೂ ಮುಂಗಡ ಮುಟ್ಟಬಾರದೆಂದು ತಾಯಿ ಅಪ್ಪಣೆ ಮಾಡಿದ್ದಾರಂತೆ. ಎಂಬತ್ತರ ಆ ತಾಯಿಗೆ ಸೆಕೆಂಡು, ಮೀಟರುಗಳ ಲೆಕ್ಕ ತಿಳಿಯದು. ಆದರೆ ಮೊದಲ ದಿನವೇ ಸರಿಯಾದ ಪ್ರಶ್ನೆ ಕೇಳಿದವರು ಅವರು.

ಇದನ್ನು ಓದುತ್ತಿರುವ ಮನೆಗಳಿಗೆ ನಮ್ಮ ವಿನಂತಿ ಇಷ್ಟೇ. ರಸ್ತೆಯಂಚಿನ ನೆಲವನ್ನು ಶೋರೂಮಿಗೋ, ಪೆಟ್ರೋಲ್ ಬಂಕಿಗೋ, ಕಲ್ಯಾಣಮಂಟಪಕ್ಕೋ ಕೊಡುವಾಗ ಮೊದಲು ಬೆಳಗಿನಲ್ಲೊಮ್ಮೆ, ಸಂಜೆಗತ್ತಲಿನಲ್ಲೊಮ್ಮೆ ಆ ಜಾಗದಲ್ಲಿ ಹೋಗಿ ನಿಲ್ಲಿ. ಬಾಗಿಲಿನಿಂದ ತಿರುವಿಗೆ ಎಷ್ಟು ದೂರ ಅಳೆಯಿರಿ. ಯಾರು ಯಾವಾಗ ದಾಟುತ್ತಾರೆ ನೋಡಿ. ದೊಡ್ಡ ಲಾರಿ ಒಳಗೇ ತಿರುಗಬಲ್ಲುದೇ ಕೇಳಿ. ನೆರೆಯವರ ದಾರಿ ಉಳಿಯುತ್ತದೆಯೇ ವಿಚಾರಿಸಿ. ಹೆದ್ದಾರಿಯ ಅನುಮತಿಯನ್ನು ಕಣ್ಣಾರೆ ನೋಡಿದ ಮೇಲೆ ರುಜು ಮಾಡಿ. ಹಾಗೆಯೇ, ಅಂತಹ ಶೋರೂಮಿನಿಂದ ವಾಹನ ಕೊಂಡು ಮನೆಗೆ ತರುವವರು ಪೂಜೆ ಮಾಡಿ ನಿಂಬೆಹಣ್ಣು ಕಟ್ಟಿದರೆ ಸಾಲದು. ಹದಿನೆಂಟು ತುಂಬದ ಮಗನ ಕೈಗೆ ಬೀಗದ ಕೈ ಕೊಡಬೇಡಿ. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಆ ಮಗ ಅಪರಾಧವೆಸಗಿದರೆ ತಂದೆಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಕಾನೂನಿನ ದಂಡ ತೆತ್ತು ಮುಗಿಸಬಹುದು. ಇನ್ನೊಂದು ಮನೆಯ ತಾಯಿಯ ಕಣ್ಣೀರನ್ನು ತೆತ್ತು ಮುಗಿಸಲಾಗದು.

ಮುಂದಿನ ಶಿವರಾತ್ರಿಗೆ ನಾವು ಬೆಟ್ಟದ ಹಾದಿಯಲ್ಲಿ ಹೋಗುವಾಗ ಆ ಹುಣಿಸೆಮರದ ಕೆಳಗೆ ಕ್ಷಣಕಾಲ ಕುಳಿತುಕೊಳ್ಳಬೇಕೆಂದಿದ್ದೇವೆ. ಆ ಬಂಡಿದಾರಿಯ ಬಾಯಿ ಅಗಲವಾಗಿರುವುದನ್ನೂ ಆ ಮೊಮ್ಮಗಳು ಗೆಳತಿಯರೊಡನೆ ಓಡದೆ, ನಡೆದೇ ದಾಟುವುದನ್ನೂ ನೋಡುವ ಭಾಗ್ಯ ಒದಗಲೆಂದು ಹಾರೈಸುತ್ತೇವೆ.